ಒಂದೇ ಕೋಣೆಗೆ ಗಾಳಿ

ಜೂನ್ 9, ಬೆಳಿಗ್ಗೆ 6.40

ಹೆಂಡತಿಯ ಕೋಣೆ 23.5 ಡಿಗ್ರಿ. ಹೊರಗೆ 27. ಗಾಳಿ ಜೋರಾಗಿದೆ. ಏಸಿಯ ಕಿಂಡಿಯ ಕೆಳಗೆ ಕೈ ಹಿಡಿದರೆ ತೋಳಿನ ಕೂದಲು ಅಲ್ಲಾಡುತ್ತದೆ. ಮಧ್ಯಾಹ್ನ ಆಗಲಿ, ಇದರ ಬಂಡವಾಳ ಗೊತ್ತಾಗುತ್ತದೆ.

ಹೆಂಡತಿಗೆ ಹಾಲು, ಮಾತ್ರೆ, ಕಾಲಿನ ವ್ಯಾಯಾಮ. ಇಪ್ಪತ್ತು ಸಲ ಎತ್ತಬೇಕು. ಹದಿನಾಲ್ಕಕ್ಕೆ ನಿಲ್ಲಿಸಿದಳು. "ಇಪ್ಪತ್ತು ಅಂತ ಬರ್ಕೊಳ್ಳಿ, ಡಾಕ್ಟರೇನು ಎಣಿಸೋಕೆ ಬರ್ತಾರಾ" ಎಂದಳು. ಹದಿನಾಲ್ಕು ಎಂದೇ ಬರೆದೆ. ಸುಳ್ಳು ರೀಡಿಂಗ್ ಬರೆದು ಅಭ್ಯಾಸವಿಲ್ಲ.

ಮಧ್ಯಾಹ್ನ 2.20

27. ಕಿಂಡಿಯಲ್ಲಿ ಗಾಳಿ ಸತ್ತಿದೆ. ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ — ಬಂದರೆ ತಾನೆ. ಅಟ್ಟದ ಮೇಲೆ ಮೆಷಿನ್ ಮಾತ್ರ ಗುಂಯ್ ಎನ್ನುತ್ತಲೇ ಇದೆ.

ಅವಳದು ನರದ ಕಾಯಿಲೆ. ಸೆಕೆ ಏರಿದರೆ ಕಾಲು ಸೋಲುತ್ತದೆ, ಮಾತು ತೊದಲುತ್ತದೆ. ಮೈ ತಣ್ಣಗಾದರೆ ಮತ್ತೆ ನಮ್ಮವಳೇ. ಕಳೆದ ವರ್ಷ ಎರಡು ಸಲ ಬಿದ್ದಳು. ಡಾಕ್ಟರ್ ನೇರವಾಗಿಯೇ ಹೇಳಿದ್ದಾರೆ, ಕೋಣೆ ಇಪ್ಪತ್ತೈದರ ಒಳಗಿರಲಿ, ಮೂರನೇ ಸಲ ಬಿದ್ದರೆ ಮನೆಯಲ್ಲಿ ಇಟ್ಟುಕೊಳ್ಳುವ ಮಾತೇ ಬೇಡ ಎಂದು. ಮಗಳು ಆಗಲೇ ಒಂದು ಆರೈಕೆ ಮನೆ ನೋಡಿಕೊಂಡು ಬಂದಿದ್ದಾಳೆ. ಬಸ್ಸಿನಲ್ಲಿ ನಲವತ್ತು ನಿಮಿಷ. ನಾನು ಬೇಡ ಎಂದೆ. ಅದಕ್ಕೇ ಈ ಇಡೀ ಮನೆಯ ಏಸಿ. ಅಟ್ಟದಲ್ಲಿ ಒಂದು ಮೆಷಿನ್, ಚಾವಣಿಯೊಳಗೆ ಕೊಳವೆ, ಐದು ಕೋಣೆಗೆ ಐದು ಕಿಂಡಿ.

ಅಡಿಗೆಮನೆಯದೂ ಮಗಳ ಹಳೇ ಕೋಣೆಯದೂ ಮುಚ್ಚಿ ಐದು ದಿನ. ಆದರೂ ಸಾಲದು. ಹಾಲ್ ಕೂಡ ಮುಚ್ಚಬೇಕು.

ಜೂನ್ 10

ಫಿಲ್ಟರ್ ತೆಗೆದೆ. ಬೂದಿ ಬಣ್ಣದ ಧೂಳು, ನನ್ನ ಹಳೇ ಸ್ವೆಟರ್ ನೆನಪಾಯಿತು. ತೊಳೆದು ಒಣಗಿಸಿ ಹಾಕಿದೆ. ಸ್ವಲ್ಪ ವಾಸಿ. ಆಮೇಲೆ ಸ್ಟೂಲ್ ಹತ್ತಿ ಹಾಲಿನ ಕಿಂಡಿಯ ಕೀಲು ಎಳೆದೆ. ಪೂರ್ತಿ ಮುಚ್ಚಲಿಲ್ಲ, ರಟ್ಟು ಕತ್ತರಿಸಿ ಟೇಪ್ ಹಾಕಿದೆ.

ಇಪ್ಪತ್ತೊಂಬತ್ತು ವರ್ಷ ನೀರು ಸರಬರಾಜಿನಲ್ಲಿ ವಾಲ್ವ್‌ಮನ್ ಆಗಿದ್ದವನು ನಾನು. ಎತ್ತರದ ಬೀದಿಗೆ ನೀರು ಏರದಿದ್ದರೆ ಏನು ಮಾಡುತ್ತೇವೆ? ತಗ್ಗಿನ ನಾಲ್ಕು ಬೀದಿ ಮುಚ್ಚುತ್ತೇವೆ. ಅರ್ಧ ಗಂಟೆಯಲ್ಲಿ ಮೂರನೇ ಮಹಡಿಯ ನಲ್ಲಿಯಲ್ಲೂ ನೀರು. ಇಷ್ಟು ಗೊತ್ತಿಲ್ಲದೆ ಹೋಗುತ್ತದೆಯೇ ನನಗೆ.

"ಮೆಷಿನ್‌ಗೆ ಉಸಿರು ಕಟ್ಟಲ್ವೇನ್ರೀ?" ಎಂದಳು ಮಂಚದಿಂದ.

"ಪ್ರೆಶರ್ ವಿಷಯ ನಿನಗೇನು ಗೊತ್ತು."

"ನನಗೇನೂ ಗೊತ್ತಿಲ್ಲ. ನೀವು ಮುಚ್ಚೋಕೆ ಶುರು ಮಾಡಿದ ಮೇಲೆ ಕಾಲ ಹತ್ರ ಬಿಸಿ ಅಂತ ಗೊತ್ತು."

ಥರ್ಮಾಮೀಟರ್ ತಂದು ತೋರಿಸಿದೆ. ಆಗ 24 ಇತ್ತು. ಹೊದಿಕೆಯನ್ನು ಕಾಲಿನ ಮೇಲಿಂದ ಸರಿಸಿದಳು.

ಜೂನ್ 12

ಮಧ್ಯಾಹ್ನ 28. ಒದ್ದೆ ಬಟ್ಟೆ ಕತ್ತಿಗೆ, ಹಣೆಗೆ. ಬಾತ್‌ರೂಮಿಗೆ ಹೋಗುವಾಗ ನನ್ನ ಮೇಲೆಯೇ ಪೂರ್ತಿ ಭಾರ ಬಿಟ್ಟಳು. "ಸಾರಿ" ಎಂದಳು. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಮೂವತ್ತಾರು ವರ್ಷದಲ್ಲಿ ನನಗೆ ಸಾರಿ ಹೇಳಿದವಳಲ್ಲ, ಹೇಳುವ ಅಗತ್ಯವೂ ಅವಳಿಗೆ ಬಂದಿರಲಿಲ್ಲ.

ಮಗಳು ಫೋನಿನಲ್ಲೇ ಏಸಿಯವನನ್ನು ಗೊತ್ತು ಮಾಡಿದಳು. ನಾಳೆ ಹತ್ತಕ್ಕೆ ಬರುತ್ತಾನೆ.

ಜೂನ್ 13

ಬೆಳಿಗ್ಗೆ ಐದಕ್ಕೇ ಎದ್ದು ರಟ್ಟುಗಳನ್ನೆಲ್ಲ ಕಿತ್ತೆ. ಐದೂ ಕಿಂಡಿ ಫುಲ್ ಓಪನ್. ಇನ್‌ಸ್ಪೆಕ್ಷನ್ ದಿನ ಯಾವ ವಾಲ್ವೂ ಮುಚ್ಚಿರಬಾರದು — ಇಲಾಖೆಯಲ್ಲಿ ಮೊದಲ ವಾರ ಕಲಿಸುವುದೇ ಅದು. ಸಾಹೇಬರು ನೋಡಿ ಹೋಗಲಿ, ನಮ್ಮ ಅಡ್ಜಸ್ಟ್‌ಮೆಂಟ್ ನಮ್ಮದು.

ಏಸಿಯವನು ಬಂದ. ನಲವತ್ತೈದು ಇರಬಹುದು, ಮೆಲುದನಿ, ಮಂಡಿಗೆ ರಬ್ಬರಿನ ಪ್ಯಾಡ್. ಟಿಶ್ಯೂ ಕಾಗದದ ಪಟ್ಟಿ ಹಿಡಿದು ಕಿಂಡಿ ಕಿಂಡಿಗೂ ಹೋದ. ಎಲ್ಲ ಕಡೆ ಕಾಗದ ಪಟಪಟ ಎಂದಿತು. ಅಟ್ಟ ಹತ್ತಿದ. ಫ್ಯಾನ್ ನೋಡಿದ, ಕೊಳವೆ ಎಲ್ಲಾದರೂ ಹರಿದಿದೆಯೇ ಎಂದು ನೋಡಿದ. ಗ್ಯಾಸ್ ಸರಿಯಾಗಿದೆ ಎಂದ.

"ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ನಿಲ್ಲುತ್ತೆ ಅಂದ್ರೆ ಮೇಲೆ ಐಸ್ ಕಟ್ಟಿರುತ್ತೆ ಸಾರ್, ರಾತ್ರಿ ಮೆಷಿನ್ ನಿಂತಾಗ ಕರಗುತ್ತೆ. ಗಾಳಿ ಓಡಾಡೋಕೆ ದಾರಿ ಇಲ್ದಿದ್ರೆ ಹಾಗಾಗುತ್ತೆ. ಆದ್ರೆ ನಿಮ್ಮಲ್ಲಿ ದಾರಿ ಇದೆಯಲ್ಲ. ಈ ಕಿಂಡಿಗಳೆಲ್ಲ ಯಾವಾಗ್ಲೂ ಹೀಗೇ ತೆಗೆದಿರುತ್ತಾ?"

"ಮತ್ತೆ?" ಎಂದೆ.

ಒಳಗಿಂದ ಅವಳು ಕರೆದಳು. ಹೋದೆ. "ಅವರಿಗೆ ನಿಜ ಹೇಳಿ" ಎಂದಳು, ಮೆಲ್ಲಗೆ. ಸುಳ್ಳು ಎಲ್ಲಿ ಹೇಳಿದೆ ಎಂದೆ. ನನ್ನ ಮುಖವನ್ನೇ ನೋಡಿದಳು. ಆಮೇಲೆ ಗೋಡೆ ಕಡೆ ತಿರುಗಿದಳು.

ಅವನು ಹೋದ ಮೇಲೆ ಮಧ್ಯಾಹ್ನ ಮೂರರವರೆಗೂ 24. ಅಟ್ಟದಲ್ಲಿ ಏನೋ ಮುಟ್ಟಿ ಸರಿ ಮಾಡಿದ್ದಾನೆ, ಬಾಯಿ ಬಿಟ್ಟು ಹೇಳಿಲ್ಲ ಅಷ್ಟೇ. ಮೆಕ್ಯಾನಿಕ್‌ಗಳ ಗುಣ.

ಜೂನ್ 14

ಇವತ್ತು 25 ಮುಟ್ಟಿತು. ಹೊರಗೆ 40. ಗಡಿಯ ಮೇಲೆ ನಿಲ್ಲುವುದು ನನಗೆ ಆಗದು. ಮತ್ತೆ ಮುಚ್ಚಿದೆ. ಈ ಸಲ ನಮ್ಮ ಬಟ್ಟೆಯ ಕೋಣೆಯನ್ನೂ ಸೇರಿಸಿ ನಾಲ್ಕೂ. ಡಬಲ್ ರಟ್ಟು, ಅಗಲದ ಟೇಪ್. ಇನ್ನು ಇಡೀ ಮೆಷಿನ್ನಿನ ಗಾಳಿ ಅವಳೊಬ್ಬಳಿಗೇ.

ಮೊದಲ ಒಂದು ಗಂಟೆ ಅವಳ ಹಾಸಿಗೆಯ ಹೊದಿಕೆ ಹಾರಾಡಿತು. ನೋಡು ಎಂದು ತೋರಿಸಿದೆ. ನಕ್ಕಳು. "ತಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂದಳು. ನಗಿಸಿದೆನಲ್ಲ ಎಂದು ನನಗೆ ಖುಷಿಯೇ ಆಯಿತು.

ಜೂನ್ 17

ಕಾರಿಡಾರಿನ ಚಾವಣಿಯಿಂದ ನೀರು ತೊಟ್ಟಿಕ್ಕಿತು. ಬಕೆಟ್ ಇಟ್ಟೆ. ನೀರಿನ ಮನುಷ್ಯನ ಮನೆಯಲ್ಲೇ ಲೀಕೇಜು. ಅಟ್ಟ ಹತ್ತಿ ನೋಡಬೇಕೆಂದುಕೊಂಡೆ. ಏಣಿ ಹಿಡಿಯುವವರಿಲ್ಲ.

ಜೂನ್ 19, ಮಧ್ಯಾಹ್ನ 1.50

29.5. ಗಾಳಿ ಇಲ್ಲವೇ ಇಲ್ಲ. ಟೇಬಲ್ ಫ್ಯಾನ್ ಬಿಸಿ ಉಗುಳುತ್ತಿದೆ. ಮಾತು ತೊದಲುತ್ತಿದೆ. "ತೆಗೀರಿ" ಎನ್ನುತ್ತಾಳೆ. ಕಿಟಕಿ ತೆಗೆ ಎನ್ನುತ್ತಿದ್ದಾಳೆಂದು ತಿಳಿದೆ. ಹೊರಗೆ 41, ತೆಗೆದರೆ ಇನ್ನೂ ಬಿಸಿ ಎಂದು ತಿಳಿಸಿ ಹೇಳಿದೆ. ತಲೆ ಅಲ್ಲಾಡಿಸಿದಳು. ಮತ್ತೆ ಅದೇ. ತೆಗೀರಿ.

ಕಿಂಡಿಗಳ ಟೇಪ್ ನೋಡಿ ಬಂದೆ. ಅಡಿಗೆಮನೆಯದರಲ್ಲಿ ಒಂದು ಮೂಲೆ ಬಿಟ್ಟಿತ್ತು. ಅಂಟಿಸಿದೆ.

ಜೂನ್ 24

ನಾಲ್ಕು ದಿನ ಬರೆಯಲಿಲ್ಲ. ಬರೆದುಬಿಡುತ್ತೇನೆ.

ಇಪ್ಪತ್ತನೇ ತಾರೀಕು, ಮಧ್ಯಾಹ್ನ. ನಾನು ಐಸ್ ತರಲು ಮೂಲೆಯಂಗಡಿಗೆ ಹೋಗಿದ್ದೆ. ಹನ್ನೆರಡು ನಿಮಿಷ. ಬಂದಾಗ ಅವಳು ಹಾಲಿನಲ್ಲಿ ನೆಲದ ಮೇಲಿದ್ದಳು. ಪಕ್ಕದಲ್ಲಿ ಸ್ಟೂಲ್. ಹತ್ತಿರಲಿಲ್ಲ, ಹತ್ತುವ ಶಕ್ತಿ ಎಲ್ಲಿ. ಅದನ್ನು ಹಿಡಿದು, ತಳ್ಳಿಕೊಂಡು, ತನ್ನ ಕೋಣೆಯಿಂದ ಹಾಲಿನ ಕಿಂಡಿಯ ಕೆಳಗಿನವರೆಗೆ ಬಂದಿದ್ದಾಳೆ. ಸೊಂಟದ ಮೂಳೆ.

ತೆಗೀರಿ ಎಂದದ್ದು ಕಿಟಕಿಯನ್ನಲ್ಲ.

ಇಪ್ಪತ್ತೊಂದಕ್ಕೆ ಆಪರೇಷನ್. ಇಪ್ಪತ್ತೆರಡಕ್ಕೆ ಬಟ್ಟೆ ತೆಗೆದುಕೊಂಡು ಹೋಗಲು ನಾನೂ ಮಗಳೂ ಮನೆಗೆ ಬಂದೆವು. ಮೆಷಿನ್ ಎರಡು ದಿನದಿಂದ ಓಡುತ್ತಲೇ ಇತ್ತು, ಆಫ್ ಮಾಡುವ ನೆನಪು ಯಾರಿಗಿತ್ತು. ಮಗಳು ಏಸಿಯವನನ್ನು ಕರೆಸಿಬಿಟ್ಟಿದ್ದಾಳೆ. ನನಗೆ ಹೇಳಿರಲಿಲ್ಲ. ಬಾಗಿಲಲ್ಲೇ ಶುರು ಮಾಡಿದಳು.

"ಏನೂ ತೊಂದರೆ ಇಲ್ಲ ಅಂದು ಹೋದ್ರಿ. ನಮ್ಮಮ್ಮ ಈಗ ಆಸ್ಪತ್ರೇಲಿದ್ದಾರೆ."

ಅವನು ಅಟ್ಟ ಹತ್ತಿದ. ನನ್ನನ್ನೂ ಕರೆದ. ಟಾರ್ಚ್ ಬಿಟ್ಟ. ಕೊಳವೆಯ ಬಾಯಲ್ಲಿ ಇಟ್ಟಿಗೆಯಂಥ ಐಸು, ಈ ತುದಿಯಿಂದ ಆ ತುದಿಯವರೆಗೆ. ಮೆಷಿನ್ ತಾನೇ ತನ್ನ ಗಂಟಲು ಮುಚ್ಚಿಕೊಂಡಿತ್ತು. ಇಳಿದು ಹಾಲಿಗೆ ಬಂದ. ರಟ್ಟು ನೋಡಿದ. ಅಡಿಗೆಮನೆ ನೋಡಿದ. ಎಲ್ಲ ಕೋಣೆ ನೋಡಿ ಬಂದ.

"ಇದು ಯಾವಾಗ ಹಾಕಿದ್ದು ಸಾರ್?"

"ಈ ತಿಂಗಳ ಮೊದಲಿಂದ."

"ನಾನು ಬಂದಾಗ ಇರ್ಲಿಲ್ಲ."

"ಅವತ್ತು ತೆಗೆದಿದ್ದೆ."

"ಯಾಕೆ?"

ಇನ್‌ಸ್ಪೆಕ್ಷನ್ ಅಂತ, ಎಂದೆ. ಹೇಳುವಾಗಲೇ ಅದು ಎಂಥ ಮಾತು ಎಂದು ನನಗೆ ಕೇಳಿಸಿತು. ಮಗಳು ಕಾರಿಡಾರಿನ ನೆಲದ ಮೇಲೆ ಹಾಗೇ ಕುಳಿತುಬಿಟ್ಟಳು.

ಅವನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ನೀರು ಬೇರೆ, ಇದು ಬೇರೆ ಸಾರ್" ಎಂದ. "ತಂಪು ಮಾಡೋ ಕಾಯಿಲ್ ಮೇಲೆ ಗಾಳಿ ಹರೀತಾ ಇರ್ಬೇಕು. ನಾಲ್ಕು ದಾರಿ ಮುಚ್ಚಿದ್ರೆ ಐದನೇದಕ್ಕೆ ಜಾಸ್ತಿ ಬರೋದು ಸ್ವಲ್ಪ ಹೊತ್ತು ಅಷ್ಟೇ. ಆಮೇಲೆ ಒಳಗೇ ಐಸ್ ಹೆಪ್ಪುಗಟ್ಟುತ್ತೆ." ಮೆಷಿನ್ ಆಫ್ ಮಾಡಿದ, ಟೇಪನ್ನೆಲ್ಲ ತಾನೇ ಕಿತ್ತ. ಅಂಟು ಗೋಡೆಗೆ ಉಳಿಯಿತು.

ಮಗಳು ಹೊರಡುವಾಗ ಒಂದೇ ಮಾತು ಆಡಿದಳು. "ಅಮ್ಮ ನಿಮಗೆ ಹೇಳ್ಲಿಲ್ವಾ ಅಪ್ಪ?"

ಹೇಳಿದ್ದಳು.

ಜೂನ್ 27

ಎಲ್ಲ ಕಿಂಡಿ ತೆರೆದು ಐದು ದಿನ. ಹೊರಗೆ 41. ಒಳಗೆ ಐದೂ ಕೋಣೆ 23, 23.5. ಬೆಳಿಗ್ಗೆಯೂ ಅಷ್ಟೇ, ಮಧ್ಯಾಹ್ನವೂ ಅಷ್ಟೇ. ಇಷ್ಟೇ ಮಾಡಬೇಕಿತ್ತು. ಏನೂ ಮಾಡದೆ ಇರಬೇಕಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಎತ್ತಿಗೇ ಹಾಕಿದೆ.

ಆಸ್ಪತ್ರೆಯಿಂದ ನೇರ ಆರೈಕೆ ಮನೆಗೆ. ಮಗಳು ಸಹಿ ಹಾಕಿದಳು. ನಾನು ಬೇಡ ಎನ್ನಲಿಲ್ಲ, ಎನ್ನುವ ಮುಖ ಎಲ್ಲಿತ್ತು. ಆದರೆ ಡಾಕ್ಟರ್ ಒಂದು ಮಾತು ಬಿಟ್ಟರು: ಮನೆ ನಿಜವಾಗಿ ತಣ್ಣಗಿರುವುದಾದರೆ, ಹಗಲು ಒಬ್ಬ ಸಹಾಯಕಿ ಇದ್ದರೆ, ಮುಂದೆ ನೋಡಬಹುದು. ಸಹಾಯಕಿಯನ್ನು ಹುಡುಕಿದ್ದೇನೆ. ಬಾತ್‌ರೂಮಿಗೆ ಹಿಡಿಗಂಬಿ ಹಾಕಿಸಿದೆ. ಗಂಟೆಗೊಂದು ಸಲ ಐದು ಕೋಣೆಯ ರೀಡಿಂಗ್ ಬರೆದು ಡಾಕ್ಟರಿಗೆ ಕೊಟ್ಟೆ. ಓದಿ ಒಪ್ಪಿದರು. ಕರೆದುಕೊಂಡು ಹೋಗಿ, ಅವರು ಬರುವುದಾದರೆ, ಎಂದರು.

ಬರುವುದಾದರೆ ಎಂದರೇನು. ಅವಳ ಮನೆ.

ಜುಲೈ 2

ಎರಡನೇ ಮಹಡಿ, ಕಿಟಕಿ ಪಕ್ಕದ ಮಂಚ. ಅವಳೂ ಪಕ್ಕದ ಮಂಚದ ನಿವೃತ್ತ ನರ್ಸಮ್ಮನೂ ಪದಬಂಧ ಬಿಡಿಸುತ್ತಿದ್ದರು. ನನ್ನನ್ನು ನೋಡಿ ನರ್ಸಮ್ಮ ಎದ್ದು ಹೊರಗೆ ಹೋದರು.

"ಮನೆ ಸರಿಯಾಗಿದೆ" ಎಂದೆ. "ಎಲ್ಲ ಕೋಣೆನೂ 23. ಸೋಮವಾರ ಕರ್ಕೊಂಡು ಹೋಗ್ತೀನಿ."

"ಕೇಳಿ."

"ಗಾಡಿಗೆ ಹೇಳಿದ್ದೀನಿ. ಗಾಲಿಕುರ್ಚಿ ಸಮೇತ ಹಿಡಿಸುತ್ತೆ. ಮೆಟ್ಟಿಲಿಗೆ ಹಲಗೆ —"

"ಕೇಳಿ ಅಂದೆ."

ನಿಲ್ಲಿಸಿದೆ.

"ನಾನು ಬರಲ್ಲ ರೀ."

ಕೋಪಾನಾ ಎಂದೆ.

"ಕೋಪ ಇದ್ದಿದ್ರೆ ಬಂದು ಜಗಳ ಆಡ್ತಿದ್ದೆ. ನನಗೋಸ್ಕರ ತಾನೇ ಮಾಡಿದ್ರಿ, ಅದೂ ಗೊತ್ತು." ನೀರು ಕುಡಿದಳು. ಲೋಟ ಎರಡೂ ಕೈಯಲ್ಲಿ ಹಿಡಿದಿದ್ದಳು. "ಇಲ್ಲಿ ಕಾಲು ಬಿಸಿ ಆಗ್ತಿದೆ ಅಂದ್ರೆ ಯಾರೋ ಒಬ್ರು ಬಂದು ಮುಟ್ಟಿ ನೋಡ್ತಾರೆ. ಮನೇಲಿ ನೀವು ಮೀಟರ್ ನೋಡ್ತಿದ್ರಿ. ಮೀಟರ್ ಸರಿ ಇದ್ರೆ ನಾನು ಸುಳ್ಳು. ಒಂದು ದಿನ ಅಲ್ಲ, ಮೂವತ್ತಾರು ವರ್ಷ."

ಇನ್ಮೇಲೆ ಕೇಳ್ತೀನಿ ಎಂದೆ.

"ನೀವು ಚೆನ್ನಾಗೇ ಕೇಳ್ತೀರಿ. ಊಟ ಆಯ್ತಾ ಅಂತ ಕೇಳ್ತೀರಿ, ಮಾತ್ರೆ ಆಯ್ತಾ ಅಂತ ಕೇಳ್ತೀರಿ. ಹೇಳಿದ್ದನ್ನ ಕೇಳಿಸ್ಕೊಳ್ಳಲ್ಲ, ಅಷ್ಟೇ."

ನರ್ಸಮ್ಮ ವಾಪಸ್ ಬಂದರು. ಏಳಕ್ಷರದ ಪದವೊಂದು ಬಾಕಿ ಇತ್ತಂತೆ. ನಾನು ಎದ್ದೆ.

ಜುಲೈ 3

23. ಗಾಡಿಯವನಿಗೆ ಬೇಡ ಎಂದು ಹೇಳಿದೆ. ಸಹಾಯಕಿಗೂ. ಅವಮಾನ, ಸಿಟ್ಟು, ಎರಡೂ ಇದೆ. ಸಿಟ್ಟು ಯಾರ ಮೇಲೆ ಎಂದು ಹುಡುಕುತ್ತಾ ಹೋದರೆ ಮನೆಯಲ್ಲಿ ನಾನೊಬ್ಬನೇ ಇದ್ದೇನೆ.

ಜುಲೈ 6, ಸಂಜೆ

ಹೋದೆ. ಕುರ್ಚಿ ಎಳೆದು ಕುಳಿತೆ. ಬಾಯಿ ಬಿಡಲಿಲ್ಲ. ಅವಳು ಮೊದಲು ಅನುಮಾನದಿಂದ ನೋಡಿದಳು. ಆಮೇಲೆ ಮಾತಾಡಿದಳು. ಮುಕ್ಕಾಲು ಗಂಟೆ. ಊಟದ ಹೊತ್ತಿನ ಜಗಳ, ಎದುರು ಕೋಣೆಯ ಮುದುಕ ತನ್ನ ಹಲ್ಲಿನ ಸೆಟ್ ಕಳೆದುಕೊಂಡಿದ್ದು, ಅದು ಚಪ್ಪಲಿಯೊಳಗೆ ಸಿಕ್ಕಿದ್ದು. ಬಿದ್ದ ದಿನ ನೆಲ ತಣ್ಣಗಿತ್ತಂತೆ, ಮೂಳೆ ಮುರಿದಿದ್ದರೂ ಹಾಯೆನಿಸಿತಂತೆ. ನನ್ನ ಬಾಯಿಗೆ ಎಷ್ಟು ಸಲ ಮಾತು ಬಂತೋ ಅಷ್ಟು ಸಲ ನುಂಗಿದೆ. ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ಹೊರಡುವಾಗ ಕೇಳಿದಳು. "ಮನೆ ಹೇಗಿದೆ?"

"ತಣ್ಣಗಿದೆ."

"ನೀವು?"

ಚೆನ್ನಾಗಿದ್ದೀನಿ ಎಂದೆ. ಬಸ್ಸಿನಲ್ಲಿ ನಲವತ್ತು ನಿಮಿಷವೂ ಅದೇ ತಲೆಯಲ್ಲಿ. ಸುಳ್ಳು ಹೇಳಿ ಬಂದೆ. ಅವಳು ಕೇಳಿಸಿಕೊಳ್ಳುವವಳು, ನಾನು ಹೇಳಬೇಕಿತ್ತು. ಚೆನ್ನಾಗಿಲ್ಲ ಕಣೇ. ಈ ಮನೆಯಲ್ಲಿ ನೀನಿಲ್ಲದೆ ನನಗೆ ಆಗುತ್ತಿಲ್ಲ.