ಬೂಟಿನೊಳಗಿನ ಜೆರೇನಿಯಂ

ಜೂನ್ 6, ಶುಕ್ರವಾರ. ರಾತ್ರಿ ಹತ್ತು ಗಂಟೆ. ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುವ ನಮ್ಮ ಪಕ್ಕದ ಮನೆಯನ್ನು ತೊಳೆದು, ಹಾಸಿಗೆ ಹಾಸುವುದರಲ್ಲೇ ದಿನ ಮುಗಿಯಿತು.

ಸಂಜೆ ನೋಡಿದರೆ ಅದರ ಮುಂಬಾಗಿಲ ಮೆಟ್ಟಿಲ ಮೇಲೆ ನನ್ನ ಗಂಡ ವಿಲ್ಫ್‌ನ ರಬ್ಬರ್ ಬೂಟುಗಳು. ಒಳಗೆಲ್ಲ ಮಣ್ಣು ತುಂಬಿದೆ, ಮೇಲೆ ಕೆಂಪು ಜೆರೇನಿಯಂ ಹೂಗಿಡ. ಫೆಬ್ರವರಿಯಲ್ಲಿ ಅವನು ತೀರಿಹೋದಾಗಿನಿಂದ ಅವು ನನ್ನ ಹಿತ್ತಿಲ ಬಾಗಿಲಲ್ಲೇ ಇದ್ದವು. ನಾನು ಮುಟ್ಟಿರಲಿಲ್ಲ.

ಮಗಳು ಬ್ರಿಜೆಟ್ ನೀರಿನ ಡಬ್ಬ ಹಿಡಿದು ನಗುತ್ತಾ ನಿಂತಿದ್ದಳು.

"ಎಷ್ಟ್ ಚೆನ್ನಾಗಿದೆ ನೋಡಮ್ಮ! ಬಂದೋರೆಲ್ಲ ಫೋಟೊ ತೆಗೀತಾರೆ."

"ನಿಮ್ಮಪ್ಪನ ಬೂಟು ಕಣೇ ಅದು."

"ಅಪ್ಪನ ಕಾಲಿನ ವಾಸನೆಗಿಂತ ಇದು ವಾಸಿ ಅಲ್ವಾ? ಅಪ್ಪ ಇದ್ದಿದ್ರೆ ಅವರೇ ನಗ್ತಿದ್ರು."

ನಗುತ್ತಿದ್ದ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂದದ್ದು.

ಬೂಟು ಎತ್ತಿದರೆ ಅಡಿಯಿಂದ ನೀರು ಸೋರಿತು. ತೂತು ಕೊರೆದಿದ್ದಾಳೆ!

"ನೀರು ಬಸೀಬೇಕಲ್ಲಮ್ಮ, ಇಲ್ದಿದ್ರೆ ಬೇರು ಕೊಳೆಯುತ್ತೆ."

ಬೇರಿನ ಚಿಂತೆ ಇತ್ತು ಅವಳಿಗೆ. ಕೇಳಿದ್ದರೆ ಹೂಕುಂಡ ಕೊಡುತ್ತಿರಲಿಲ್ಲವೇ? ಕೊಟ್ಟಿಗೆಯಲ್ಲಿ ರಾಶಿ ಬಿದ್ದಿವೆ. ಊರಿನ ಅರ್ಧ ಮನೆಗಳ ಮುಂದೆ ಹೀಗೆ ಬೂಟಿನಲ್ಲಿ ಹೂ ಬೆಳೆಸುತ್ತಾರೆ, ಬೆಳೆಸಲಿ. ಆದರೆ ಬಲಗಾಲಿನದರಲ್ಲಿ ಅವನ ಹೆಬ್ಬೆರಳಿನ ಗಂಟಿನ ಆಕಾರ ಇನ್ನೂ ಉಬ್ಬಿಕೊಂಡೇ ಇದೆ. ಅದನ್ನು ಅವನ ಗುರುತೇ ಇಲ್ಲದವರು ಫೋಟೊ ತೆಗೆಯಬೇಕೆ?

ಎರಡನ್ನೂ ಹೊತ್ತು ತಂದೆ. ಅಡುಗೆಮನೆಯಲ್ಲಿ ಪತ್ರಿಕೆ ಹಾಸಿ ಇಟ್ಟಿದ್ದೇನೆ, ಇನ್ನೂ ತೊಟ್ಟಿಕ್ಕುತ್ತಿವೆ. ಗಿಡ ಕೀಳಲು ಹೋದೆ, ಎರಡು ಮೊಗ್ಗು ಕಂಡವು, ಕೈ ಬರಲಿಲ್ಲ.

ನಾಳೆ ನಾಲ್ಕಕ್ಕೆ ಹೊಸ ಕುಟುಂಬ ಬರುತ್ತದೆ. ಆ ಮೆಟ್ಟಿಲ ಮೇಲೆ ಏನೂ ಇರುವುದಿಲ್ಲ.