ಟಿಕೆಟು ತೆಗೆಸಿ ನೋಡಿದ ಕಂಬಳಿ

ಸಮರಕಂದ, ಉಜ್ಬೇಕಿಸ್ತಾನ
ರವಿವಾರ, ೧೯ ಜನವರಿ ೨೦೨೫

ಪ್ರೀತಿಯ ಅಜ್ಜಾ,

ನಿನ್ನ ಮೊಮ್ಮಗ ರೂಪೇಶ ಮಾಡುವ ಸಾಷ್ಟಾಂಗ ನಮಸ್ಕಾರ. ನಮ್ಮ ಹಾಸ್ಟೆಲಿನಲ್ಲಿ ಎರಡು ಮಂಚಗಳ ನಡುವಿನ ಜಾಗ ಎಂಟು ಅಂಗಗಳಿಗೆ ಸಾಲುವುದಿಲ್ಲ. ಹೀಗಾಗಿ ಸದ್ಯಕ್ಕೆ ಐದನ್ನು ಊರಿದ್ದೇನೆ, ಉಳಿದ ಮೂರನ್ನು ಊರಿಗೆ ಬಂದು ಊರುತ್ತೇನೆ. ಕುರಿಗಳು ಕ್ಷೇಮವೇ? ಅವನ್ನು ಬಿಟ್ಟು ಮೊದಲು ನಿನ್ನ ಮೊಣಕಾಲನ್ನು ವಿಚಾರಿಸಿದರೆ ನಿನಗೆ ಸಿಟ್ಟು ಬರುತ್ತದೆಂದು ಗೊತ್ತು. ಈ ಸಲ ಎಷ್ಟು ಮರಿ ಹಾಕಿದವು ಎಂದು ಮಾತ್ರ ಕೇಳುವುದಿಲ್ಲ. ಕುರಿಯ ಎಣಿಕೆ ಬಾಯಿಗೆ ಬಂದರೆ ದೃಷ್ಟಿ ತಗಲುತ್ತದೆ ಎಂದು ನೀನು ಹೇಳಿಕೊಟ್ಟಿದ್ದು, ಮೂರು ವರ್ಷ ಡಾಕ್ಟರಕಿ ಓದಿದರೂ ನನ್ನ ತಲೆಯಿಂದ ಇಳಿದಿಲ್ಲ. ಟಗರು ಹೇಗಿದೆ? ಇನ್ನೂ ಶಿವಾಜಿ ಕಾಕಾನನ್ನು ಕಂಡರೆ ಹಾಯುತ್ತದೆಯೇ? ಈಗ ಹೇಳು, ಮೊಣಕಾಲು ಹೇಗಿದೆ?

ಈ ಪತ್ರವನ್ನು ಕಾಗವಾಡದ ಇಮ್ರಾನ ತರುತ್ತಿದ್ದಾನೆ. ನನ್ನ ಜತೆಗೇ ಓದುವವನು, ರಜೆಗೆ ಊರಿಗೆ ಹೊರಟಿದ್ದಾನೆ. ನಿನ್ನ ಹಟ್ಟಿ ಈಗ ಶೇಡಬಾಳದ ಅಣ್ಣಾಸಾಬರ ಹೊಲದಲ್ಲಿ, ಕಬ್ಬು ಕಡಿದ ಜಾಗದಲ್ಲಿ ಬಿದ್ದಿದೆ ಎಂದು ತಂಗಿ ಕೋಮಲ ಹೇಳಿದಳು. ಕಾಗವಾಡದಿಂದ ಅವನಿಗೆ ಕೈಯಳತೆ. ಓದಿ ಹೇಳುವ ಕೆಲಸ ಹೇಗೂ ಶಿವಾಜಿ ಕಾಕಾನ ಪಾಲಿಗೆ ಬರುತ್ತದೆ. ಕಾಕಾ, ನಿನ್ನಲ್ಲಿ ಒಂದು ವಿನಂತಿ: ಬೇಕಾದ್ದನ್ನು ಸೇರಿಸಬೇಡ, ಬೇಡವಾದ್ದನ್ನು ನುಂಗಬೇಡ. ಕಳೆದ ವರ್ಷದ ಪತ್ರದಲ್ಲಿ ನಾನು ಬರೆಯದೇ ಇದ್ದ ಒಬ್ಬ ರಷ್ಯನ್ ಹುಡುಗಿಯನ್ನು ನೀನು ಓದಿ ಹೇಳಿದ್ದರಿಂದ ಅವ್ವ ಎರಡು ತಿಂಗಳು ನನ್ನ ಜತೆ ಮಾತು ಬಿಟ್ಟಿದ್ದಳು.

ಅಜ್ಜಾ, ಹೋದ ರವಿವಾರ ಫೋನಿನಲ್ಲಿ ಮದುವೆಯ ವಿಷಯಕ್ಕೆ ನೀನು ಹೇಳಿದ್ದು ಒಂದೇ ಮಾತು. "ಕೋಮಲಾನ ಅಕ್ಕಿಕಾಳ ಶಿವರಾತ್ರಿ ಆದಮ್ಯಾಲೆ ಹಿಡದೇವಿ. ಕಂಬಳಿ ತಗೊಂಡ ಬಾ. ಅದರ ಮ್ಯಾಲನ ಕುಂದರಬೇಕ ಹುಡುಗಿ." ಅದೇ ಕಂಬಳಿ ಯಾಕೆ ಎಂದು ನಾನು ಕೇಳಬೇಕಾಗಿಲ್ಲ. ನಿನ್ನ ಕುರಿಗಳ ಉಣ್ಣೆ, ನಿನ್ನ ಮನೆಯಾಕೆ ಆಯಿ ನೂತ ನೂಲು, ಜಕ್ಕಪ್ಪನ ಮಗ್ಗ. ಎರಡು ಪಟ್ಟಿ ಕೂಡಿಸಿ ಅಂಚು ಹೊಲಿದವಳೂ ಆಯಿಯೇ. ಅಪ್ಪ-ಅವ್ವ ಅದರ ಮೇಲೆ ಕುಳಿತು ಮದುವೆಯಾದರು, ಕಾಕಾನೂ ಆದ. ಅವನು ಅಕ್ಕಿಕಾಳು ಬೀಳುವ ತನಕ ತಡೆಯಲಾರದೆ ಹೊರಳಾಡಿದ್ದಕ್ಕೆ ಒಂದು ಕಡೆಯ ಹೊಲಿಗೆ ಬಿಚ್ಚಿತ್ತು, ಆಯಿ ತೀರಿಕೊಳ್ಳುವ ಮುಂಚಿನ ಚಳಿಗಾಲದಲ್ಲಿ ನಡುಗುವ ಕೈಯಿಂದ ಆ ಅಂಚನ್ನು ಮೂಲೆಯಿಂದ ಮೂಲೆಗೆ ಮತ್ತೆ ಹೊಲಿದಳು. ನಾನು ಇಲ್ಲಿಗೆ ಹೊರಟ ದಿನ ತೆಲಸಂಗದ ಬಸ್‌ಸ್ಟ್ಯಾಂಡಿನಲ್ಲಿ ನೀನು ಅದನ್ನು ನನ್ನ ಹೆಗಲಿಗೆ ಹಾಕಿ, "ಅಲ್ಲೆ ಥಂಡಿ ಭಾಳಂತ. ಇದು ನಿಮ್ಮ ಆಯಿನ ಅಂತ ತಿಳಕೊ, ಹೊದಕೊ," ಅಂದೆ. ಆಗ ಮೇ ತಿಂಗಳು. ಬಸ್ಸಿನವರೆಲ್ಲ ನನ್ನನ್ನು ಜ್ವರ ಬಂದವನನ್ನು ನೋಡಿದ ಹಾಗೆ ನೋಡಿದರು.

ಫೋನಿನಲ್ಲಿ ನೀನು "ಕಂಬಳಿ ಹ್ಯಾಂಗೈತಿ?" ಎಂದು ಕೇಳಿದ್ದಕ್ಕೆ ನಾನು "ಭಾಳ ಮಾನದಿಂದ ಇಟ್ಟಾರ ಅಜ್ಜಾ" ಎಂದೆ. "ಇಟ್ಟಾರ? ಯಾರ ಇಟ್ಟಾರ?" ಎಂದು ನೀನು ಕೇಳುವಷ್ಟರಲ್ಲಿ ಲೈನು ಕಡಿಯಿತು. ತಾನಾಗಿಯೇ ಕಡಿಯಿತು. ನನ್ನ ಹೆಬ್ಬೆರಳು ಹತ್ತಿರದಲ್ಲೇ ಇತ್ತು, ಅಷ್ಟೇ. ಅದಕ್ಕೇ ಈ ಪತ್ರ. ಆದರೆ ಕ್ರಮವಾಗಿ ಹೇಳುತ್ತೇನೆ, ತಾಳಿಕೋ.

ಈ ಸಮರಕಂದದಲ್ಲಿ ನಿನ್ನ ಕಂದನ ಸಮರ ಮುಖ್ಯವಾಗಿ ಎರಡರ ಜತೆ: ಒಂದು ಹೆಣ ಕೊಯ್ಯುವ ಪಾಠ, ಇನ್ನೊಂದು ಪ್ರವಾಸ. ಇಲ್ಲಿಯ ಕಾಲೇಜಿನವರಿಗೆ ಪರದೇಶದ ಹುಡುಗರನ್ನು ಬಸ್ಸಿನಲ್ಲಿ ತುಂಬಿ ಇತಿಹಾಸ ತೋರಿಸುವ ಹುಚ್ಚು. ತಿಂಗಳಿಗೊಂದು ಗುಮ್ಮಟ, ಎರಡು ತಿಂಗಳಿಗೊಂದು ಕೋಟೆ. ಕೋಟೆ ನೋಡುವ ವಿದ್ಯೆ ನನಗೆ ಕಲಿಸಿದವನು ನೀನು. ಸಣ್ಣವನಿದ್ದಾಗ ವಿಜಾಪುರದ ಗೋಲಗುಮ್ಮಟಕ್ಕೆ ಕರೆದುಕೊಂಡು ಹೋಗಿದ್ದೆಯಲ್ಲ. ಎಲ್ಲರೂ ತಮ್ಮ ತಮ್ಮ ಹೆಸರು ಕೂಗಿದರೆ ನೀನು ನಮ್ಮ ನಾಯಿಯ ಹೆಸರು ಕೂಗಿದೆ. "ಕರಿಯಾ!" ಏಳು ಸಲ ತಿರುಗಿ ಬಂತು. "ಏಳ ಸಲ ಕರದರೂ ಬರಲಿಲ್ಲ ನೋಡ, ನಮ್ಮ ನಾಯಿ ಒಮ್ಮೆಗೇ ಬರತೈತಿ," ಎಂದು ಬಾದಶಹನ ಗುಮ್ಮಟವನ್ನು ನಾಪಾಸು ಮಾಡಿ ಕೆಳಗಿಳಿದೆ. ಅವತ್ತು ಹೇಳಿದ್ದು ನೆನಪಿದೆ: ಯಾವ ಕೋಟೆಗೆ ಹೋದರೂ ಮೂರು ಕೇಳು. ನೀರು ಎಲ್ಲಿ, ಗಾಳಿ ಯಾವ ಕಡೆ, ಕಳ್ಳ ಎಲ್ಲಿಂದ ಬರ್ತಾನ.

ಬುಖಾರಾದ ಕೋಟೆಯಲ್ಲಿ ನಾನು ಅದನ್ನೇ ಕೇಳಿದೆ. ಗೈಡು ಅಮೀರರ ಹೆಸರುಗಳನ್ನು ಜಪಮಾಲೆ ಎಣಿಸಿದ ಹಾಗೆ ಎಣಿಸುತ್ತಿದ್ದ. ನಡುವೆ ಕೈಯೆತ್ತಿ, ಇವರ ದನಕರುಗಳು ನೀರು ಎಲ್ಲಿ ಕುಡಿಯುತ್ತಿದ್ದವು ಎಂದೆ. ಅವನು ಪುಸ್ತಕ ತಿರುವಿದ, ಅದರಲ್ಲಿ ಅಮೀರರೇ ಇದ್ದರು, ದನಗಳಿರಲಿಲ್ಲ. ಅಂದಿನಿಂದ ನನ್ನ ವರ್ಗದಲ್ಲಿ ನನಗೆ "ನೀರಾವರಿ ಇಲಾಖೆ" ಎಂದು ಹೆಸರು. ರೇಗಿಸ್ತಾನ ಎಂಬ ಹೆಸರಿನ ಚೌಕವೊಂದಿದೆ ಇಲ್ಲಿ, ಮೂರು ಕಡೆ ಮೂರು ಮದರಸಾ, ನೀಲಿ ಹಂಚು. ಆ ಹಂಚಿನ ಚಿತ್ತಾರಕ್ಕೆ ಎಷ್ಟು ಮೂಲೆಗಳಿವೆ ಎಂದು ಎಣಿಸಿ ನಾನು ವಹಿಯಲ್ಲಿ ಬರೆದುಕೊಂಡಿದ್ದೇನೆ. ಹತ್ತು ಮೂಲೆಯ ಚಿಕ್ಕೆ, ಅದರ ಪಕ್ಕ ಐದು ಮೂಲೆಯದು. ಫೋಟೋ ನಾಲ್ಕು ನೂರು ತೆಗೆದೆ. ಈ ಎಲ್ಲ ಪ್ರವಾಸದಲ್ಲೂ ಕಂಬಳಿ ನನ್ನ ಹೆಗಲ ಮೇಲೆ. ಬಂದ ಹೊಸದರಲ್ಲಿ ಹಾಸ್ಟೆಲಿನವರು "ಕರಡಿ ಬಂತು" ಎಂದು ನಗುತ್ತಿದ್ದರು. ಶೂನ್ಯಕ್ಕಿಂತ ಐದು ಡಿಗ್ರಿ ಕೆಳಗೆ ಇಳಿದ ದಿನ ನಕ್ಕವರೆಲ್ಲ ಬಸ್ಸಿನಲ್ಲಿ ಕರಡಿಯ ಕೆಳಗೇ ಸೇರಿಕೊಂಡರು. ಒಂದು ಕಂಬಳಿ, ಐದು ಜನ, ನಾಲ್ಕು ರಾಜ್ಯ. ಇಮ್ರಾನ ಮಾತ್ರ ಕಾಲು ಹೊರಗೆ ಚಾಚಿ, "ನಮ್ಮ ಕಾಗವಾಡ ಯಾವಾಗಲೂ ಗಡಿಯಾಗನ ಇರೋದ ನೋಡಪಾ," ಅಂದ.

ಈಗ ವಿಷಯಕ್ಕೆ ಬರುತ್ತೇನೆ. ನವೆಂಬರದಲ್ಲಿ ಒಂದು ಸಣ್ಣ ಊರಿಗೆ ಒಯ್ದರು. ಹಿಂದೆ ಒಂಟೆಯ ಸಾಲುಗಳು, ಕುರಿ ಹಿಂಡುಗಳು ಇಳಿದುಕೊಳ್ಳುತ್ತಿದ್ದ ಧರ್ಮಛತ್ರ ಅದು, ಈಗ ಮ್ಯೂಸಿಯಮ್ ಮಾಡಿದ್ದಾರೆ. ಅಲ್ಲಿ ನಾನು ಯಾರನ್ನೂ ಕೇಳಬೇಕಾಗಲಿಲ್ಲ: ನಟ್ಟನಡುವೆ ಬಾವಿ, ಗಾಳಿಗೆ ಬೆನ್ನು ಮಾಡಿದ ಗೋಡೆ, ಒಂದೇ ಬಾಗಿಲು. ಮೂರಕ್ಕೆ ಮೂರೂ ಪಾಸು. ನೀನಿದ್ದರೆ ಅಲ್ಲೇ ಹಟ್ಟಿ ಹಾಕುತ್ತಿದ್ದೆ. ಒಂದು ಕೋಣೆಯಲ್ಲಿ ಕುರಿ ಕಾಯುವವನ ಸಾಮಾನುಗಳನ್ನು ಜೋಡಿಸಿಟ್ಟಿದ್ದರು. ಒಂದು ಬಡಿಗೆ, ಹಾಲಿನ ಪಾತ್ರೆ, ಉಣ್ಣೆ ಕತ್ತರಿಸುವ ಕತ್ತರಿ. ಥೇಟ್ ನಿನ್ನ ಸಾಮಾನು. ಆದರೆ ಎಲ್ಲವೂ ಒಂದು ಬರಿ ಹಲಗೆಯ ಮೇಲೆ. ಅಜ್ಜಾ, ಬರಿ ಹಲಗೆ! ನಮ್ಮ ಮನೆಯಲ್ಲಿ ಹಿರಿಯರ ಬಡಿಗೆಯನ್ನು ಎಂದಾದರೂ ಬರಿ ನೆಲಕ್ಕೆ ಇಟ್ಟಿದ್ದೇವೆಯೇ? ಮೊದಲು ಕಂಬಳಿ ಹಾಸಿ, ಗದ್ದುಗೆ ಮಾಡಿ, ಚಿಟಿಕೆ ಭಂಡಾರದ ಅರಿಸಿನ ಹಾಕಿ, ಆಮೇಲೆ ಅದರ ಮೇಲೆ ಇಡುವುದು. ನನ್ನ ತಲೆ ಕಾಲೇಜಿಗೆ ಹೋಗಿತ್ತು, ಕೈ ಇನ್ನೂ ತೆಲಸಂಗದಲ್ಲೇ ಇತ್ತು. ಆ ಕೈ ಹೆಗಲ ಮೇಲಿನ ಕಂಬಳಿ ತೆಗೆಯಿತು, ನಾಲ್ಕು ಮಡಿಕೆ ಮಾಡಿತು, ಹಲಗೆಯ ಮೇಲೆ ಹಾಸಿತು. ಬಡಿಗೆ, ಪಾತ್ರೆ, ಕತ್ತರಿಗಳನ್ನು ಅದರ ಮೇಲೆ ಒಪ್ಪವಾಗಿ ಇಟ್ಟಿತು. ಅವ್ವ ಕಟ್ಟಿಕೊಟ್ಟ ಪುಡಿಕೆಯಿಂದ ಭಂಡಾರ ಹಾಕಿ ಹಣೆ ಮುಟ್ಟಿಕೊಂಡಿತು. ಅಷ್ಟರಲ್ಲಿ ಗೈಡಿನ ಸೀಟಿ ಕೇಳಿತು, ಓಡಿಹೋಗಿ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಪಂಜಾಬಿನ ಹುಡುಗ "ಕರಡಿ ಎಲ್ಲಿ?" ಎಂದಾಗಲೇ ನನಗೆ ಚಳಿ ಹತ್ತಿದ್ದು.

ಮರುದಿನ ಫೋನು ಮಾಡಿಸಿದೆ. ಇಲ್ಲಿ ಯಾರ ಕಂಬಳಿಯೂ ಕಳೆದಿಲ್ಲ ಎಂದರು. ಅವರ ಮಾತೂ ನಿಜವೇ, ಕಳೆದವನು ನಾನು. ಪರೀಕ್ಷೆ ಮುಗಿಸಿ ಡಿಸೆಂಬರದ ಕೊನೆಗೆ ಇಮ್ರಾನನನ್ನು ಎಳೆದುಕೊಂಡು ಹೋದೆ. ಅವನ ಉರ್ದುವಿಗೂ ಇವರ ಭಾಷೆಗೂ ದೂರದ ಬೀಗತನವಿದೆ, ಅಷ್ಟಿಷ್ಟು ನಡೆಯುತ್ತದೆ. ನಮ್ಮದೇ ಕಂಬಳಿಯನ್ನು ನೋಡಲು ನಾನು ಟಿಕೆಟು ತೆಗೆಸಿದೆ. ಒಳಗೆ ಹೋದರೆ ಹಲಗೆಯ ಸುತ್ತ ಕೆಂಪು ಹಗ್ಗ, ಮೇಲೆ ದೀಪ, ಮುಂದೆ ಮೂರು ಭಾಷೆಯಲ್ಲಿ ಚೀಟಿ. "ಕುರಿಗಾಹಿಯ ಹೊದಿಕೆ. ಹತ್ತೊಂಬತ್ತನೆಯ ಶತಮಾನ. ದಾನಿ ಅಜ್ಞಾತ. ಆಚರಣೆಗೆ ಸಂಬಂಧಿಸಿದ ಹಳದಿ ಕುರುಹುಗಳನ್ನು ಗಮನಿಸಿ." ಒಬ್ಬ ಜರ್ಮನ್ ಹೆಂಗಸು ಗಮನಿಸುತ್ತಿದ್ದಳು. ನಾನೂ ಪಕ್ಕದಲ್ಲಿ ನಿಂತು ಗಮನಿಸಿದೆ. ಮಾನದಿಂದ ಇಟ್ಟಾರ ಎಂದು ನಾನು ಹೇಳಿದ್ದು ಸುಳ್ಳಲ್ಲ ಅಜ್ಜಾ, ಅದಕ್ಕೊಬ್ಬ ಕಾವಲುಗಾರ್ತಿಯೂ ಇದ್ದಾಳೆ.

ಅವಳ ಹೆಸರು ಮಹಬೂಬಾ, ವಯಸ್ಸು ಎಪ್ಪತ್ತರ ಹತ್ತಿರ. ಎರಡು ಹಲ್ಲಿಗೆ ಬಂಗಾರ ಕಟ್ಟಿಸಿದ್ದಾಳೆ. ಹುಟ್ಟಿದ್ದೇ ಕುರಿ ಕಾಯುವವರ ಮನೆಯಲ್ಲಂತೆ. ಕಂಬಳಿ ನನ್ನದು ಎಂದು ಇಮ್ರಾನ ಹೇಳಿದ್ದಕ್ಕೆ ಅವಳು ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಅವಳು ಹೇಳಿದ್ದನ್ನು ಇಮ್ರಾನ ನಮ್ಮ ಮಾತಿಗೆ ತಂದ: "ನಂದು ಅಂತ ನಿನ್ನ ಬಾಯಿ ಹೇಳತೈತಿ. ಕಂಬಳಿ ಏನ ಹೇಳತೈತಿ ಅದನ್ನ ಹೇಳ. ಹೊಲದಾಕಿ ಒಂದ ಮೂಲ್ಯಾಗ ತನ್ನ ಗುರುತ ಇಟ್ಟಾಳ, ನಾ ನೋಡೇನಿ. ಅದ ಎಂಥಾದ್ದ ಹೇಳಿದ್ರ ನಾನ ಝಾಡಿಸಿ ಮಡಚಿ ಕೊಡತೀನಿ." ಹೀಗೆ ಹೇಳಿ ಆ ಮೂಲೆಯನ್ನು ಒಳಗೆ ಮಡಚಿ ಅದರ ಮೇಲೆ ಹಾಲಿನ ಪಾತ್ರೆಯನ್ನು ಹೇರಿಬಿಟ್ಟಳು. ನಾನು ಏನೋ ಹೇಳಿದೆ. ಕರಿ ಕಂಬಳಿ ಎಂದೆ, ಇಷ್ಟು ಉದ್ದ ಎಂದೆ. "ಕಂಬಳಿ ಅಂದಮ್ಯಾಲೆ ಕರಿನ ಇರತೈತಿ, ಉದ್ದನ ಇರತೈತಿ," ಅಂದಳು. ಇದನ್ನು ಅನುವಾದ ಮಾಡುವಾಗ ಇಮ್ರಾನನಿಗೆ ಬೇಕಾದ್ದಕ್ಕಿಂತ ಹೆಚ್ಚು ಖುಷಿಯಾಗುತ್ತಿತ್ತು. ಆಮೇಲೆ ಅವಳು ನಮ್ಮಿಬ್ಬರಿಗೂ ಹಸಿರು ಚಹಾ, ರೊಟ್ಟಿ ಕೊಟ್ಟಳು. ನಿನ್ನ ಕುರಿಗಳ ಬಗ್ಗೆ ವಿಚಾರಿಸಿದಳು. ಎಷ್ಟಿವೆ ಎಂದು ಅವಳೂ ಕೇಳಲಿಲ್ಲ.

ಇಷ್ಟು ಸುದ್ದಿ. ಓದು ನೆಟ್ಟಗಿದೆ, ಊಟ ಹದಿನಾರಾಣೆ, ಜೋಳದ ರೊಟ್ಟಿಯ ಕನಸು ವಾರಕ್ಕೆ ಮೂರು ಸಲ. ಫೆಬ್ರುವರಿ ಇಪ್ಪತ್ತನಾಲ್ಕಕ್ಕೆ ನನ್ನ ವಿಮಾನ, ಅಕ್ಕಿಕಾಳಿಗೆ ಮೊದಲೇ ಮನೆಯಲ್ಲಿರುತ್ತೇನೆ. ಅಪ್ಪ-ಅವ್ವನ ಕಾಲಿಗೆ ಎರಗಿದ್ದೇನೆಂದು ಹೇಳು. ಕೋಮಲಳಿಗೆ ಸಮರಕಂದದ ಕೆಂಪು ಶಾಲು ತೆಗೆದಿಟ್ಟಿದ್ದೇನೆ. ಹೊಸ ಅಳಿಯನಿಗೆ ನನ್ನ ಅನುಕಂಪವನ್ನು ತಿಳಿಸು. ಅಣ್ಣಾಸಾಬರಿಗೆ ರಾಮರಾಮ. ಕರಿಯನ ಮರಿಮಗ ಯಾವನಿದ್ದಾನೋ ಅವನ ಕಿವಿ ತುರಿಸು. ತಂಪು ಹೊತ್ತಿನಲ್ಲಿ ಹಟ್ಟಿಯ ಗಾಳಿ ಕಡೆ ಮಲಗಬೇಡ.

ನಿನ್ನ ಬಡಿಗೆಯ ಏಟುಗಳಿಗೆ ಸದಾ ಋಣಿಯಾಗಿರುವ,
ರೂಪೇಶ

ತಾ.ಕ.: ಟ್ಯಾಕ್ಸಿ ಬಂದು ನಿಂತಿದೆ, ಇಮ್ರಾನ ಕೆಳಗಿನಿಂದ ಬಯ್ಯುತ್ತಿದ್ದಾನೆ. ಅಜ್ಜಾ, ಗುರುತು ಕೇಳಿದಾಗ ಏನೋ ಹೇಳಿದೆ ಎಂದು ಮೇಲೆ ಬರೆದೆನಲ್ಲ, ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಮೂರು ವರ್ಷ ಹೊದ್ದೆ, ಒಮ್ಮೆಯೂ ಮೂಲೆ ತಿರುವಿ ನೋಡಿಲ್ಲ. ಹಿಂದೊಮ್ಮೆ ರಾಯಬಾಗದ ಹಾದಿಯಲ್ಲಿ ಬೇರೆಯವರ ಕುರಿಯನ್ನು ನಮ್ಮ ಹಿಂಡಿಗೆ ಹೊಡೆದುಕೊಂಡು ಬಂದಾಗ, "ಸಾಲಿ ಕಲತಾಂವ ಎಲ್ಲಾ ಓದತಾನ, ಕುರಿ ಕಿವಿಯಾಗಿನ ಗುರುತ ಓದಂಗಿಲ್ಲ," ಎಂದು ಬಯ್ದಿದ್ದೆ. ಆ ಬೈಗುಳವನ್ನು ಇನ್ನೊಮ್ಮೆ ಬಯ್ದುಬಿಡು. ಮಹಬೂಬಾ ಚಹಾ ತರಲು ಹೋದಾಗ ಹಗ್ಗ ದಾಟಿ, ಪಾತ್ರೆ ಎತ್ತಿ ನೋಡಿಬಿಡಬಹುದಿತ್ತು. ಇಮ್ರಾನನೂ "ಲಗೂನ ನೋಡಲೇ," ಅಂದ. ನನ್ನ ಕೈ ಏಳಲಿಲ್ಲ. ಮ್ಯೂಸಿಯಮಿನ ಸಾಹೇಬರಿಗೆ ಕಡತಕ್ಕೆ ಕಾಗದ ಬೇಕಂತೆ, ಫೋನಿನ ಮಾತು ನಡೆಯುವುದಿಲ್ಲ. ಮನೆಯ ಹಿರಿಯರ ಕೈಯಿಂದ ಗುರುತು ಬರೆದು ಬಂದರೆ, ಅದನ್ನು ಮೂಲೆಯ ಪಕ್ಕ ಹಿಡಿದು ನೋಡಿ ಕೊಡುತ್ತೇನೆ ಎಂದಿದ್ದಾಳೆ ಆಕೆ. ಇಮ್ರಾನ ಫೆಬ್ರುವರಿ ಎಂಟಕ್ಕೆ ಹೊರಳಿ ಬರುತ್ತಾನೆ. ಅವನ ಕೈಯಲ್ಲಿ ಆ ಕಾಗದ ಬಾರದಿದ್ದರೆ ಕೋಮಲ ಅಂಗಡಿಯ ಚಾದರದ ಮೇಲೆ ಕುಳಿತುಕೊಳ್ಳಬೇಕಾಗುತ್ತದೆ. ಈ ಕೊನೆಯ ಹಾಳೆಯ ಹಿಂಬದಿಯನ್ನು ಖಾಲಿ ಬಿಟ್ಟಿದ್ದೇನೆ. ಆಯಿಯ ಗುರುತನ್ನು ಅಲ್ಲಿ ಬರೆದುಕೊಡು. ಪೆನ್ನು ಬೇಡವಾದರೆ ಒಲೆಯ ಇದ್ದಿಲಾದರೂ ಆದೀತು. ಶಿವಾಜಿ ಕಾಕಾ, ನೀನು ತಿದ್ದಲು ಹೋಗಬೇಡ. ಅಜ್ಜನ ಕೈ ನಡುಗಿದರೆ ಗೆರೆ ನಡುಗಿದ ಹಾಗೆಯೇ ಬರಲಿ. ಅದನ್ನು ಹೊಲಿಯುವಾಗ ಆಯಿಯ ಕೈಯೂ ನಡುಗುತ್ತಿತ್ತು.