ಕರಗೋ ಎಲುಬು

ಜನವರಿ 21
ಇವತ್ತೂ ಎಡಗಾಲಿಲೇ ಮಷಿನ್ ತುಳಿದು ಜೀನ್ಸಿನ ಜೇಬು ಹೊಲಿದೆ. ಎಲ್ಲಾ ಸೊಟ್ಟ. ಸ್ಕೂಟರ್ ಮ್ಯಾಲಿಂದ ಬಿದ್ದು ಮುರಿದ ಬಲಗಾಲು ಇನ್ನಾ ಕೂಡಿಲ್ಲ. ಎಲುಬಿನ ನಡುವ ಸಂದಿ ಉಳದೈತಂತ. ಅದರಾಗ ಸಿಂಥೆಟಿಕ್ ಎಲುಬು ತುಂಬ್ತಾರಂತ, ಅನಂತಪುರದ ಡಾಕ್ಟ್ರು. ಸಿಂಥೆಟಿಕ್ಕಾ? ನಮ್ಮ ರಾಯದುರ್ಗದಾಗ ಸಿಂಥೆಟಿಕ್ ಅಂದ್ರ ಇಸ್ತ್ರಿ ತಾಗಿದ್ರ ಸಾಕು, ಕರಗಿ ಅಂಟಿಕೊಳ್ಳೋ ಬಟ್ಟಿ. ಕೇಳಾಕ ನಾಚಿಕಿ ಆತು. ಕೂಡಲಿಲ್ಲಂದ್ರ ನನ್ನ ಹೊಲಿಗಿ ಕೆಲಸ ಮುಗೀತು.

ಫೆಬ್ರವರಿ 9, ಸಂಜಿ
ಆಪರೇಷನ್ ಆತು. ಮನಿಗೆ ಬಂದೆ. ಒಳಗ ಬಿಳೀ ಹರಳು ತುಂಬ್ಯಾರ, ಸಕ್ಕರಿ ಇದ್ದಂಗ. ಮನಿಯವ್ರಿಗೆ ನನ್ನ ಮಂಚದ ಪಕ್ಕದ ಇಸ್ತ್ರಿ ಮೇಜು ಪಡಸಾಲಿಗೆ ಒಯ್ರಿ ಅಂದೆ. ಯಾಕ ಅಂದ್ರು. ಸೆಕಿ ಅಂದೆ... ನಿಜ ಹೇಳಿದ್ರ ನಗ್ತಾರ.

ಮಾರ್ಚ್ 30, ಯುಗಾದಿ
ಅತ್ತಿ ಕದರಮ್ಮ ಮಡಕಶಿರದ ಕಡೆಯೋರು. ಹಬ್ಬದ ಎಣ್ಣಿಸ್ನಾನ ತಪ್ಪಿಸಂಗಿಲ್ಲ. "ಸುಮ್ಕೆ ಕುಂತ್ಕಳೇ" ಅಂತ ಸುಡೋ ನೀರು ಕಾಲ ಮ್ಯಾಲೇ ಸುರಿದ್ರು. ಒಳಗಿನ ಹರಳು ಕರಗಿದ್ರ? ಹೆದರಿಕಿ ಆಗೈತಿ.

ಮೇ 17
ಎಕ್ಸ್‌ರೇ ನೋಡಿ ಡಾಕ್ಟ್ರು ನಕ್ಕೋಂತ "ಅದಿ ಕರಿಗಿಪೋತೋಂದಮ್ಮಾ" ಅಂದ್ರು. ಕರಗಾಕತ್ತೈತಂತ! ನಗೋದ್ಯಾಕ? ಮುಂದ ಏನೇನೋ ತೆಲುಗು, ಇಂಗ್ಲಿಷ್... ತಲಿಗೆ ಹೋಗ್ಲಿಲ್ಲ. ಆ ಯುಗಾದಿ ನೀರೇ. ಬಸ್ಸಿನಾಗ ಅಳು ತಡೀಲಿಲ್ಲ.

ಮೇ 19
ಊಟ ಬಿಟ್ಟಿದ್ದು ನೋಡಿ ಮನಿಯವ್ರು ಬಿಡಲಿಲ್ಲ. ಎಲ್ಲಾ ಹೇಳಿದೆ — ಇಸ್ತ್ರಿ, ಸ್ನಾನ. ನಗ್ಲಿಲ್ಲ ಪುಣ್ಯಾತ್ಮ. ಡಾಕ್ಟ್ರಿಗೆ ಫೋನ್ ಹಚ್ಚಿ ಕೈಗೆ ಕೊಟ್ರು. ಸ್ನಾನದ ನೀರಿಗೂ ಅದಕ್ಕೂ ಸಂಬಂಧ ಇಲ್ಲಂತ. ಅದು ಕರಗಲೇಬೇಕಂತ, ಕರಗಿದ ಜಾಗದಾಗ ನನ್ನ ಎಲುಬೇ ಬೆಳೀತೈತಂತ. ಅಂದ್ರ ಕಚ್ಚಾ ಹೊಲಿಗಿ ಇದ್ದಂಗಾ? ಪಕ್ಕಾ ಹೊಲಿಗಿ ಬಿದ್ದ ಮ್ಯಾಲ ದಾರ ಕೀಳ್ತೀವಲ್ಲ, ಹಂಗ. ಆದ್ರ ಒಳಗ ಕೀಳೋರ್ಯಾರು? ಬೆಳೆಯೋದು ನಿಂತ್ರ? ಒಂದೂ ತಿಳಿವಲ್ದು. ಅತ್ತಿನ್ನ ಸುಮ್ಮನ ಬೈಕೊಂಡೆ, ಪಾಪ.

ಸೆಪ್ಟೆಂಬರ್ 12
ಇನ್ನ ತುಳಿಯಬಹುದು ಅಂದ್ರು ಡಾಕ್ಟ್ರು. ಮಷಿನ್ ಮೇಜಿನ ಮ್ಯಾಲೇ ಬರಿಯಾಕತ್ತೀನಿ. ಬಲಗಾಲು ಪೆಡಲ್ ಮ್ಯಾಲ. ಒಳಗಿರೋದು ನಂದಾ, ಅವರು ತುಂಬಿದ್ದಾ, ಅರ್ಧಂಬರ್ಧನಾ... ಯಾರಿಗ್ಗೊತ್ತು. ಒಂದ್ಸಲ ಒತ್ತಿದೆ. ಹಲ್ಲು ಕಚ್ಚಿಕೊಂಡು ನೋವಿಗೆ ಕಾಯಾಕತ್ತೀನಿ. ಬರವಲ್ದು. ಇನ್ನೊಂದ್ಸಲ—